ಅಮೆರಿಕದ ರಾಜ್ಯಗಳಲ್ಲಿ ಗಾಂಜಾ ಕಾನೂನು: ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಕೂಟದ ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಾಗ, ಹೊಸದಾಗಿ ಓದಲು ಬಂದ ಮಕ್ಕಳನ್ನು ವಿಮಾನ ನಿಲ್ದಾಣದಿಂದ ಕರೆತರುವಾಗ, ಊರಿನಿಂದ ಅಪ್ಪ ಅಮ್ಮಂದಿರು ಬರೆಯುವ ಪತ್ರಗಳಲ್ಲಿ, ಈ ವಿಷಯ ಮೆಲ್ಲಗೆ ಬಂದೇ ಬರುತ್ತದೆ. ಕೇಳುವವರು ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ. ನಾಚಿಕೆಪಡುವ ಪ್ರಶ್ನೆಗಳಲ್ಲ ಇವು. ಆದ್ದರಿಂದ ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ವಕೀಲೆಯಲ್ಲ. ನಿಮ್ಮ ಮೇಲೆ ಕೇಸ್ ಇದ್ದರೆ ಇದನ್ನು ಓದಿ ಸುಮ್ಮನಾಗಬೇಡಿ, ಇಮಿಗ್ರೇಷನ್ ವಕೀಲರನ್ನು ಕಾಣಿ.

## ಮೊದಲು ಗೊತ್ತಿರಬೇಕಾದದ್ದು

ಅಮೆರಿಕದಲ್ಲಿ ಗಾಂಜಾ ಲೀಗಲ್ ಅಂತಾರಲ್ಲ, ನಿಜಾನಾ?

ಅರ್ಧ ನಿಜ. 24 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ. 21 ವರ್ಷ ತುಂಬಿದವರಿಗೆ ಅನುಮತಿ ಕೊಟ್ಟಿವೆ. ಕೇಂದ್ರ ಸರ್ಕಾರ, ಅಂದರೆ ಇಲ್ಲಿನ ಫೆಡರಲ್ ಸರ್ಕಾರ, ಕೊಟ್ಟಿಲ್ಲ. 1970ರ ಫೆಡರಲ್ ಕಾಯ್ದೆ ಗಾಂಜಾವನ್ನು ಹೆರಾಯಿನ್ ಜೊತೆಗೆ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಗೆ ಸೇರಿಸಿತು.

ನಮ್ಮವರಿಗೆ ಹೆಂಡದ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. ಗುಜರಾತಿನಲ್ಲಿ ಪಾನನಿಷೇಧ ಇದೆ, ಗೋವಾದಲ್ಲಿ ಇಲ್ಲ. ಗೋವಾದಲ್ಲಿ ಕುಡಿದವನನ್ನು ದೆಹಲಿಯವರು ಬಂದು ಕೇಳುವುದಿಲ್ಲ, ಯಾಕೆಂದರೆ ಅದು ರಾಜ್ಯಗಳಿಗೆ ಬಿಟ್ಟ ವಿಷಯ. ಇಲ್ಲಿ ಗಾಂಜಾ ಹಾಗಲ್ಲ. ರಾಜ್ಯ "ಆಗಬಹುದು" ಅಂದ ಮೇಲೂ ಕೇಂದ್ರದ "ಬೇಡ" ಹಾಗೇ ಉಳಿದಿದೆ. ಎರಡೂ ಒಂದೇ ನೆಲದ ಮೇಲೆ, ಒಂದೇ ದಿನ ಜಾರಿಯಲ್ಲಿರುತ್ತವೆ.

ಹಾಗಾದ್ರೆ ಕೇಂದ್ರದವರು ಈ ಅಂಗಡಿಗಳನ್ನೆಲ್ಲ ಯಾಕೆ ಮುಚ್ಚಿಸಲ್ಲ?

ಮುಚ್ಚಿಸುವ ಅಧಿಕಾರ ಇದೆ. ಮನೆಯಲ್ಲಿ ಸ್ವಂತಕ್ಕೆ, ಔಷಧಿಗೆ ಅಂತ ಬೆಳೆದ ಗಿಡವನ್ನೂ ಫೆಡರಲ್ ಸರ್ಕಾರ ತಡೆಯಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಆ ಕೇಸು ಬಂದದ್ದು ಕ್ಯಾಲಿಫೋರ್ನಿಯಾದಿಂದ. ಔಷಧಿಯಾಗಿ ಬಳಸಲು 1996ರಲ್ಲೇ ಜನಮತದಿಂದ ಒಪ್ಪಿಗೆ ಪಡೆದ ರಾಜ್ಯ ಅದು.

ಆದರೆ ನಿತ್ಯದ ಪೊಲೀಸ್ ಕೆಲಸ ನಡೆಸುವುದು ರಾಜ್ಯಗಳು. ಕೇಂದ್ರದ ಕಾನೂನನ್ನು ಜಾರಿ ಮಾಡಿ ಎಂದು ರಾಜ್ಯದ ಪೊಲೀಸರನ್ನು ಬಲವಂತ ಮಾಡುವಂತಿಲ್ಲ. 2012ರ ನವೆಂಬರ್‌ನಲ್ಲಿ ಕೊಲೊರಾಡೊ ಮತ್ತು ವಾಷಿಂಗ್ಟನ್ ರಾಜ್ಯದ ಜನ ಮೋಜಿನ ಬಳಕೆಗೂ ಮತ ಹಾಕಿದರು. ರಾಜ್ಯದ ನಿಯಮ ಪಾಲಿಸುವವರ ಗೊಡವೆಗೆ ಹೆಚ್ಚಾಗಿ ಹೋಗುವುದಿಲ್ಲ ಎಂಬರ್ಥದ ಸೂಚನೆಯನ್ನು 2013ರಲ್ಲಿ ನ್ಯಾಯ ಇಲಾಖೆ ಹೊರಡಿಸಿತು. 2018ರ ಜನವರಿಯಲ್ಲಿ ಅದನ್ನು ವಾಪಸ್ ಪಡೆಯಿತು. ಅಂಗಡಿಗಳು ಮಾತ್ರ ನಡೆಯುತ್ತಲೇ ಇವೆ. ಕೇಂದ್ರ ಕಣ್ಣು ಮುಚ್ಚಿ ಕೂತಿದೆ, ಅಷ್ಟೆ.

ಯಾವ ಯಾವ ರಾಜ್ಯ ಅಂತ ಸುಮ್ನೆ ಪಟ್ಟಿ ಕೊಡಿ ಮೇಡಂ.

ಪಶ್ಚಿಮದಲ್ಲಿ ಕ್ಯಾಲಿಫೋರ್ನಿಯಾ, ಒರೆಗಾನ್, ವಾಷಿಂಗ್ಟನ್, ನೆವಾಡಾ, ಅರಿಜೋನಾ, ಅಲಾಸ್ಕಾ. ನಡುವೆ ಕೊಲೊರಾಡೊ, ನ್ಯೂ ಮೆಕ್ಸಿಕೊ, ಮೊಂಟಾನಾ, ಮಿನೆಸೋಟ, ಮಿಸೌರಿ, ಇಲಿನಾಯ್, ಮಿಷಿಗನ್, ಒಹಾಯೊ. ಪೂರ್ವದಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ರೋಡ್ ಐಲೆಂಡ್, ವರ್ಮಾಂಟ್, ಮೇನ್, ಮೇರಿಲ್ಯಾಂಡ್, ಡೆಲವೇರ್, ವರ್ಜಿನಿಯಾ.

ಈಗ ಪಟ್ಟಿಯಲ್ಲಿ ಇಲ್ಲದವನ್ನು ನೋಡಿ. ಟೆಕ್ಸಾಸ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ, ಪೆನ್ಸಿಲ್ವೇನಿಯಾ, ಫ್ಲಾರಿಡಾ. ಡಲ್ಲಾಸ್, ಹ್ಯೂಸ್ಟನ್, ಅಟ್ಲಾಂಟಾ, ರಾಲಿ: ನಮ್ಮ ಹುಡುಗರು ಕೆಲಸಕ್ಕೆ, ಓದಿಗೆ ಹೋಗುವ ಊರುಗಳೆಲ್ಲ ಇಲ್ಲೇ ಇವೆ. ಫ್ಲಾರಿಡಾದಲ್ಲಿ 2024ರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪರವಾಗಿಯೇ ಮತ ಹಾಕಿದರು. ಆದರೆ ಅಲ್ಲಿ ಶೇ. 60 ಬೇಕು, ಅಷ್ಟು ಬರಲಿಲ್ಲ, ಬಿದ್ದುಹೋಯಿತು.

ಅಕ್ಕ, ನಾನು ಡಲ್ಲಾಸಲ್ಲಿ ಓದ್ತಿದೀನಿ. ರೂಮ್‌ಮೇಟ್ ಹತ್ರ ಒಂದು ವೇಪ್ ಪೆನ್ ಇದೆ ಅಷ್ಟೆ. ಅದಕ್ಕೆಲ್ಲ ಹಿಡೀತಾರಾ?

ಹಿಡಿಯುತ್ತಾರೆ. ನಿನ್ನ ಪ್ರಶ್ನೆಯಲ್ಲಿನ "ಅಷ್ಟೆ" ನನಗೆ ಭಯ ತರಿಸುತ್ತದೆ. ಟೆಕ್ಸಾಸ್‌ನಲ್ಲಿ ಎರಡು ಔನ್ಸ್, ಅಂದರೆ ಸುಮಾರು 56 ಗ್ರಾಂವರೆಗಿನ ಗಾಂಜಾ ಸೊಪ್ಪು ಇದ್ದರೆ ಅದು ಸಣ್ಣ ಅಪರಾಧ. ಅದಕ್ಕೂ 180 ದಿನದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ ಇದೆ. ವೇಪ್ ಪೆನ್ ಅಂದರೆ ಬ್ಯಾಟರಿಯಿಂದ ಆವಿ ಎಳೆಯುವ ಕೊಳವೆ. ಅದರಲ್ಲಿರುವುದು ಸೊಪ್ಪಲ್ಲ, ಅದರಿಂದ ತೆಗೆದ ಸಾಂದ್ರ ಎಣ್ಣೆ. ಟೆಕ್ಸಾಸ್ ಕಾನೂನು ಅದನ್ನು ಬೇರೆ ಗುಂಪಿಗೆ ಸೇರಿಸಿದೆ. ಒಂದು ಗ್ರಾಂಗಿಂತ ಕಡಿಮೆ ಇದ್ದರೂ ಫೆಲನಿ, ಅಂದರೆ ಗಂಭೀರ ಅಪರಾಧ: 180 ದಿನದಿಂದ ಎರಡು ವರ್ಷದ ಜೈಲು. ಗಾಂಜಾ ಸಾರ ಬೆರೆಸಿದ ಗಮ್ಮಿ (ಮೆತ್ತನೆಯ ಮಿಠಾಯಿ), ಚಾಕೊಲೇಟ್ ಕೂಡ ಇದೇ ಗುಂಪು, ಮತ್ತೆ ಅವುಗಳ ಪೂರ್ತಿ ತೂಕವನ್ನೇ ಲೆಕ್ಕ ಹಿಡಿಯಬಹುದು. ಪೆನ್ನು ಅವನದ್ದಾದರೂ ಸಿಕ್ಕಿದ್ದು ಇಬ್ಬರೂ ಬಳಸುವ ಹಾಲ್‌ನಲ್ಲಿ ಅಂದರೆ ನಿನ್ನನ್ನೂ ಕೇಳುತ್ತಾರೆ. ಮನೆಯಿಂದ ಆಚೆ ಹಾಕು ಅಂತ ಅವನಿಗೆ ಇವತ್ತೇ ಹೇಳು. ಸ್ನೇಹ ಕೆಡುತ್ತೆ ಅಂತ ಹಿಂಜರಿಯಬೇಡ.

## ಕೊಳ್ಳುವುದು, ಇಟ್ಟುಕೊಳ್ಳುವುದು

ಲೀಗಲ್ ಇರೋ ರಾಜ್ಯದಲ್ಲಿ ಎಷ್ಟು ಇಟ್ಕೋಬಹುದು?

ಬಹಳ ಕಡೆ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ. ಕ್ಯಾಲಿಫೋರ್ನಿಯಾದಲ್ಲಿ 28.5 ಗ್ರಾಂ ಸೊಪ್ಪು, 8 ಗ್ರಾಂ ಸಾಂದ್ರ. ನ್ಯೂಯಾರ್ಕ್‌ನಲ್ಲಿ ಮೂರು ಔನ್ಸ್. ನ್ಯೂಜೆರ್ಸಿಯಲ್ಲಿ ಆರು. ಇಲಿನಾಯ್‌ನಲ್ಲಿ ಅಲ್ಲಿನ ನಿವಾಸಿಗೆ 30 ಗ್ರಾಂ, ಹೊರಗಿನವರಿಗೆ 15. ಶಿಕಾಗೊ ನೋಡಲು ಇಂಡಿಯಾನಾದಿಂದ ಬಂದವರು ಇದನ್ನು ತಿಳಿಯದೆ ಸಿಕ್ಕಿಕೊಳ್ಳಬಹುದು. ವರ್ಜಿನಿಯಾದ್ದು ಇನ್ನೊಂದು ಥರ. 2021ರ ಜುಲೈಯಿಂದ ಒಂದು ಔನ್ಸ್ ಇಟ್ಟುಕೊಳ್ಳಲು ಬಿಟ್ಟರು, ಆದರೆ ಮಾರುವ ಅಂಗಡಿಗೆ ಅನುಮತಿ ಕೊಡದೆ ವರ್ಷಗಟ್ಟಲೆ ಎಳೆದರು.

ಹಿತ್ತಲಲ್ಲಿ ಕರಿಬೇವಿನ ಪಕ್ಕ ಒಂದು ಗಿಡ ಹಾಕಿದ್ರೆ?

ಕ್ಯಾಲಿಫೋರ್ನಿಯಾದಲ್ಲಿ ಒಂದು ಮನೆಗೆ ಆರು ಗಿಡ ಬೆಳೆಸಬಹುದು. ನ್ಯೂಜೆರ್ಸಿಯಲ್ಲಿ ಆರು ಔನ್ಸ್ ಜೇಬಲ್ಲಿರಬಹುದು, ಆದರೆ ಒಂದು ಗಿಡವೂ ನೆಡುವಂತಿಲ್ಲ. ವಾಷಿಂಗ್ಟನ್ ರಾಜ್ಯ ಇಷ್ಟು ಮೊದಲೇ ಒಪ್ಪಿಗೆ ಕೊಟ್ಟರೂ ಮೋಜಿಗೆ ಬೆಳೆಯುವುದನ್ನು ಬಿಟ್ಟಿಲ್ಲ. ಇಲಿನಾಯ್‌ನಲ್ಲಿ ವೈದ್ಯಕೀಯ ಕಾರ್ಡ್ ಇರುವವರಿಗೆ ಮಾತ್ರ. ವೀಸಾದಲ್ಲಿರುವವರು ಎಲ್ಲೂ ಬೆಳೆಯಬೇಡಿ. ಗಿಡ ಬೆಳೆಸುವುದನ್ನು ಫೆಡರಲ್ ಕಾನೂನು "ತಯಾರಿಕೆ" ಎಂದು ಕರೆಯುತ್ತದೆ. ಸ್ವಂತಕ್ಕೆ ಇಟ್ಟುಕೊಳ್ಳುವುದಕ್ಕಿಂತ ಅದು ಎಷ್ಟೋ ದೊಡ್ಡ ಅಪರಾಧ.

ನ್ಯೂಯಾರ್ಕಲ್ಲಿ ರಸ್ತೆಯಲ್ಲೇ ಸೇದ್ತಾರೆ. ಎಲ್ಲಾ ಕಡೆ ಹಂಗೇನಾ?

ಅಲ್ಲ. ಸಿಗರೇಟು ಸೇದಬಹುದಾದ ಜಾಗದಲ್ಲಿ ಸಾಮಾನ್ಯವಾಗಿ ಗಾಂಜಾವನ್ನೂ ಸೇದಬಹುದು ಎನ್ನುವುದು ನ್ಯೂಯಾರ್ಕಿನ ನಿಯಮ. ಕ್ಯಾಲಿಫೋರ್ನಿಯಾ, ಕೊಲೊರಾಡೊ, ನೆವಾಡಾದಲ್ಲಿ ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ. ಲಾಸ್ ವೇಗಸ್‌ನ ಬೀದಿಯೂ ಇದರಲ್ಲಿ ಸೇರಿತು. ಬಾಡಿಗೆ ಮನೆಯಾದರೆ ಮಾಲೀಕರು ಕರಾರಿನಲ್ಲೇ ಬೇಡ ಅನ್ನಬಹುದು.

ಪೆಟ್ರೋಲ್ ಬಂಕ್ ಅಂಗಡಿಯಲ್ಲಿ ಡೆಲ್ಟಾ-8 ಅಂತ ಮಾರ್ತಾರೆ, ಟೆಕ್ಸಾಸಲ್ಲೂ ಸಿಗುತ್ತೆ. ಅದು ಓಕೆ ತಾನೇ?

ಇದು 2018ರ ಕೃಷಿ ಮಸೂದೆಯಿಂದ ಹುಟ್ಟಿದ ಗೊಂದಲ. ಒಣ ತೂಕದಲ್ಲಿ ಡೆಲ್ಟಾ-9 ಟಿಎಚ್‌ಸಿ ಶೇ. 0.3 ಮೀರದಿದ್ದರೆ ಆ ಗಿಡ ಗಾಂಜಾ ಅಲ್ಲ, ಹೆಂಪ್, ಅಂದರೆ ನಾರಿನ ಬೆಳೆ ಎಂದು ಆ ಮಸೂದೆ ಹೇಳಿತು. ಟಿಎಚ್‌ಸಿ ಅಂದರೆ ಅಮಲು ಬರಿಸುವ ಅಂಶ. ಕಂಪನಿಗಳು ಹೆಂಪ್‌ನಿಂದಲೇ ಡೆಲ್ಟಾ-8ನಂಥ ಅದರ ಅಣ್ಣತಮ್ಮಂದಿರನ್ನು ತಯಾರಿಸಿ ಮಾರತೊಡಗಿದವು. ಇದನ್ನು ತಡೆಯಲು 2025ರ ನವೆಂಬರ್‌ನಲ್ಲಿ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಹೆಂಪ್‌ನ ವ್ಯಾಖ್ಯೆಯನ್ನೇ ಬಿಗಿಗೊಳಿಸಿತು, ಜಾರಿಗೆ ಒಂದು ವರ್ಷದ ಗಡುವು ಇಟ್ಟಿತು. ರಾಜ್ಯಗಳ ನಿಯಮ ಬೇರೆ ಬೇರೆ. ಪೊಟ್ಟಣದ ಮೇಲೆ ಬರೆದಷ್ಟೇ ಒಳಗಿರುತ್ತದೆ ಎಂಬ ಖಾತ್ರಿಯೂ ಇಲ್ಲ. ಮುಟ್ಟದಿರುವುದೇ ವಾಸಿ.

ಅಮ್ಮನಿಗೆ ಮಂಡಿ ನೋವು. ಪಕ್ಕದ ಮನೆಯವರು ಒಳ್ಳೇದು ಅಂತ ಗಮ್ಮಿ ಕೊಟ್ಟಿದಾರೆ. ತಿನ್ನಿಸಬಹುದಾ?

ದಯವಿಟ್ಟು ಬೇಡ. ಮೊದಲನೆಯದು ಆರೋಗ್ಯದ ಮಾತು. ತಿನ್ನುವ ಗಾಂಜಾ ಅರ್ಧ ಗಂಟೆಯಿಂದ ಎರಡು ಗಂಟೆ ಬಿಟ್ಟು ಏರುತ್ತದೆ. ಏನೂ ಆಗಲಿಲ್ಲ ಅಂತ ಇನ್ನೊಂದು ತಿಂದವರಿಗೆ ಎದೆ ಡವಡವ ಹೊಡೆದು, ತಲೆ ಸುತ್ತಿ, ಸತ್ತೇ ಹೋಗ್ತೀನಿ ಅನ್ನಿಸುತ್ತದೆ. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಇದು ಆಟವಲ್ಲ. ಕ್ಯಾಲಿಫೋರ್ನಿಯಾ, ಕೊಲೊರಾಡೊದಲ್ಲಿ ಒಂದು ತುಂಡಿಗೆ 10 ಮಿಲಿಗ್ರಾಂ ಟಿಎಚ್‌ಸಿ, ಒಂದು ಪೊಟ್ಟಣಕ್ಕೆ 100 ಮಿತಿ. ರೂಢಿಯಿಲ್ಲದ ಅಜ್ಜಿಗೆ ಆ 10 ಕೂಡ ಜಾಸ್ತಿಯೇ.

ಎರಡನೆಯದು ವೀಸಾ. ಅಮ್ಮ ಬಂದಿರುವುದು ಬಿ-2 ವಿಸಿಟರ್ ವೀಸಾದಲ್ಲಿ. ಮುಂದಿನ ಸಲ ಬರುವಾಗ ಅಧಿಕಾರಿ ಕೇಳಿದರೆ ನಮ್ಮ ತಾಯಂದಿರು ಸುಳ್ಳು ಹೇಳುವವರಲ್ಲ. ಇದ್ದದ್ದು ಇದ್ದಂಗೆ ಹೇಳಿಬಿಡುತ್ತಾರೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಮಾತು. ಈ ಗಮ್ಮಿ ನೋಡಲು ಥೇಟ್ ಮಿಠಾಯಿ. ಮಗು ತಿಂದಿತು ಅನ್ನಿಸಿದರೆ ಪಾಯ್ಸನ್ ಕಂಟ್ರೋಲ್ 1-800-222-1222ಕ್ಕೆ ಕರೆ ಮಾಡಿ. ಮಂಪರು ಇದ್ದರೆ, ಉಸಿರು ಸರಿಯಿಲ್ಲದಿದ್ದರೆ ನೇರ 911. ಕಾನೂನಿಗೆ ಹೆದರಿ ತಡ ಮಾಡಬೇಡಿ, ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡಬೇಡಿ.

## ಕಾರು, ವಿಮಾನ, ಗಡಿ

ನ್ಯೂಜೆರ್ಸಿಯಲ್ಲಿ ತಗೊಂಡು ನ್ಯೂಯಾರ್ಕಿಗೆ ಹೋದ್ರೆ? ಎರಡೂ ಕಡೆ ಲೀಗಲ್ ಅಲ್ವಾ?

ರಾಜ್ಯದ ಗಡಿ ದಾಟಿಸುವುದು ಫೆಡರಲ್ ಅಪರಾಧ, ಎರಡೂ ಕಡೆ ಅನುಮತಿ ಇದ್ದರೂ. ಈ ಎರಡು ರಾಜ್ಯಗಳ ನಡುವಿನ ಸುರಂಗ ರಸ್ತೆಯಲ್ಲಿ ಯಾರೂ ತಪಾಸಣೆ ಮಾಡುತ್ತಾ ನಿಂತಿರುವುದಿಲ್ಲ, ನಿಜ. ನ್ಯೂಜೆರ್ಸಿಯಿಂದ ಪೆನ್ಸಿಲ್ವೇನಿಯಾ ಕಡೆಗೆ, ಒರೆಗಾನ್‌ನಿಂದ ಐಡಹೊ ಕಡೆಗೆ ಹೋದರೆ ಕಥೆ ಬೇರೆ. ಐಡಹೊದಲ್ಲಿ ಔಷಧಿಗೂ ಅನುಮತಿ ಇಲ್ಲ.

ಸೇದಿ ಗಾಡಿ ಓಡಿಸಿದ್ರೆ ಹೇಗೆ ಕಂಡುಹಿಡೀತಾರೆ? ಊದಿಸೋ ಮಷೀನ್ ಇಲ್ವಲ್ಲ.

ಈ ಪ್ರಶ್ನೆ ಕೇಳುವವರಿಗೆ ನಾನು ಮೊದಲು ಹೇಳುವುದು: ಓಡಿಸಬೇಡಿ, ರಸ್ತೆಯಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ. ಅಧಿಕಾರಿ ನಿಮ್ಮ ಕಣ್ಣು, ಮಾತು, ನಡಿಗೆ ನೋಡುತ್ತಾರೆ. ರಕ್ತ ಪರೀಕ್ಷೆಗೆ ಕರೆದೊಯ್ಯಬಹುದು. ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ 5 ನ್ಯಾನೊಗ್ರಾಂ ಟಿಎಚ್‌ಸಿ ಇದ್ದರೆ ಅಷ್ಟೇ ಸಾಕು, ಅಪರಾಧ. ಎಷ್ಟೋ ಕಡೆ ಒಂದು ಅಂಕಿಯೂ ಬೇಕಿಲ್ಲ, ಓಡಿಸುವ ಶಕ್ತಿ ಕುಂದಿತ್ತು ಎಂದು ತೋರಿಸಿದರೆ ಆಯಿತು.

ಕಾರಿನಲ್ಲಿ ಒಯ್ಯುವುದಕ್ಕೂ ನಿಯಮ ಇದೆ. ತೆರೆದ ಪೊಟ್ಟಣ ಕೈಗೆ ಸಿಗುವಂತೆ ಇರಬಾರದು. ಇಲಿನಾಯ್ ಸುಪ್ರೀಂ ಕೋರ್ಟ್ 2024ರಲ್ಲಿ ಒಂದು ವಿಚಿತ್ರ ಗೆರೆ ಎಳೆದಿದೆ: ಸುಟ್ಟ ಗಾಂಜಾದ ವಾಸನೆಯೊಂದೇ ಇದ್ದರೆ ಕಾರು ಜಾಲಾಡುವಂತಿಲ್ಲ, ಹಸಿ ಗಾಂಜಾದ ವಾಸನೆ ಬಂದರೆ ಜಾಲಾಡಬಹುದು. ವಾಸನೆ ಬಾರದ ಡಬ್ಬಿಯಲ್ಲಿ ಒಯ್ಯಬೇಕೆಂಬ ನಿಯಮ ಇರುವುದರಿಂದ ಹೀಗೆ.

ವೀಸಾದವರಿಗೆ ಇನ್ನೊಂದು ಅಪಾಯ. ಅಮಲಿನಲ್ಲಿ ಓಡಿಸಿದ ಆರೋಪದಲ್ಲಿ ಅರೆಸ್ಟ್ ಆದರೆ ಸಾಕು, ಶಿಕ್ಷೆಗೆ ಕಾಯದೆ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. ಒಂದು ಇಮೇಲ್ ಬರುತ್ತದೆ. ಆಮೇಲೆ ದೇಶ ಬಿಟ್ಟು ಹೋದರೆ ಮರಳಿ ಬರಲು ಕಾನ್ಸುಲೇಟಿನಲ್ಲಿ ಹೊಸದಾಗಿ ಸಾಲಿನಲ್ಲಿ ನಿಲ್ಲಬೇಕು.

ಯೊಸೆಮಿಟಿ ಕ್ಯಾಲಿಫೋರ್ನಿಯಾದಲ್ಲೇ ಇದೆ. ಕ್ಯಾಂಪ್‌ಫೈರ್ ಹತ್ರ ಸೇದಿದ್ರೆ ತಪ್ಪೇನು?

ಯೊಸೆಮಿಟಿ ರಾಷ್ಟ್ರೀಯ ಉದ್ಯಾನ, ಅದರ ನೆಲ ಫೆಡರಲ್ ಸರ್ಕಾರದ್ದು. ಉದ್ಯಾನದ ಗೇಟ್ ದಾಟಿದ ಕೂಡಲೇ ಕ್ಯಾಲಿಫೋರ್ನಿಯಾದ ಅನುಮತಿ ಕೆಲಸಕ್ಕೆ ಬಾರದು. ಮೊದಲ ಸಲ ಸ್ವಲ್ಪ ಇಟ್ಟುಕೊಂಡರೂ ಫೆಡರಲ್ ಕಾನೂನಿನಲ್ಲಿ ಒಂದು ವರ್ಷದವರೆಗೆ ಜೈಲು, ಕನಿಷ್ಠ 1,000 ಡಾಲರ್ ದಂಡ. ಗ್ರ್ಯಾಂಡ್ ಕ್ಯಾನಿಯನ್, ಯೆಲ್ಲೋಸ್ಟೋನ್ ಎಲ್ಲಕ್ಕೂ ಇದೇ.

ಟೊರೊಂಟೊದಲ್ಲಿ ದೇಶಕ್ಕೇ ಲೀಗಲ್. ಅಲ್ಲಿ ಸೇದಿ ಬರಿಗೈಲಿ ಬಫೆಲೊ ಗಡಿಗೆ ಬಂದ್ರೆ?

ಕೆನಡಾ 2018ರ ಅಕ್ಟೋಬರ್ 17ರಿಂದ ಇಡೀ ದೇಶಕ್ಕೆ ಅನುಮತಿ ಕೊಟ್ಟಿದೆ. ಅಲ್ಲಿನ ನಿಯಮದಂತೆ ಅಲ್ಲಿ ಸೇದಿದ್ದು ಅಮೆರಿಕದಲ್ಲಿ ಅಪರಾಧವಾಗುವುದಿಲ್ಲ. ಆದರೆ ಗಡಿಯಲ್ಲಿ "ಬಳಸುತ್ತೀರಾ" ಎಂದು ಕೇಳಬಹುದು, ಫೋನ್ ನೋಡಬಹುದು. ಒಂದು ಮಾತಿನಿಂದ ಇನ್ನೊಂದು ಹೊರಟು, ಅಮೆರಿಕದ ನೆಲದಲ್ಲಿ ಸೇದಿದ ಫೋಟೊ ಸಿಕ್ಕರೆ ಒಳಗೆ ಬಿಡದೆ ವಾಪಸ್ ಕಳಿಸಬಹುದು. ಚೀಲದಲ್ಲಿ ಒಯ್ಯುವುದಂತೂ ಎರಡೂ ದೇಶದಲ್ಲಿ ಅಪರಾಧ.

## ವೀಸಾ, ಗ್ರೀನ್ ಕಾರ್ಡ್, ಕೆಲಸ

ನಮ್ ರಾಜ್ಯದಲ್ಲಿ ಲೀಗಲ್, ನನಗೆ 25 ವರ್ಷ, ಬಿಲ್ ಕೂಡ ಇದೆ. ಎಚ್-1ಬಿಗೆ ಏನು ತೊಂದರೆ?

ಇಷ್ಟೆಲ್ಲ ಬರೆಯಲು ಹೊರಟದ್ದೇ ಈ ಪ್ರಶ್ನೆಗಾಗಿ. ಇಮಿಗ್ರೇಷನ್ ಪೂರ್ತಿಯಾಗಿ ಫೆಡರಲ್ ವಿಷಯ. ನಿಮ್ಮ ವೀಸಾ ನೋಡುವ ಅಧಿಕಾರಿಗೆ ಇಲಿನಾಯ್ ಏನು ಹೇಳಿತು, ಕ್ಯಾಲಿಫೋರ್ನಿಯಾ ಏನು ಹೇಳಿತು ಬೇಕಾಗಿಲ್ಲ. ಅವರ ಕೈಯಲ್ಲಿರುವುದು ಫೆಡರಲ್ ಪಟ್ಟಿ, ಅದರಲ್ಲಿ ಗಾಂಜಾ ಇದೆ. ಅಂಗಡಿಯ ಬಿಲ್ಲು ನಿಮ್ಮನ್ನು ರಕ್ಷಿಸುವುದಿಲ್ಲ, ನಿಮ್ಮ ವಿರುದ್ಧದ ಸಾಕ್ಷಿಯಾಗಬಹುದು.

ಪಕ್ಕದ ಟೇಬಲ್ಲಿನ ಸಹೋದ್ಯೋಗಿ ಇಲ್ಲೇ ಹುಟ್ಟಿದವನು, ಸಿಟಿಜನ್. ಅವನು ಶುಕ್ರವಾರ ಸಂಜೆ ತಿನ್ನುವ ಗಮ್ಮಿಯನ್ನೇ ನೀವೂ ತಿಂದರೆ ಇಬ್ಬರಿಗೂ ತಗಲುವ ಕಾನೂನು ಒಂದೇ, ಆದರೆ ನೀವು ಕಳೆದುಕೊಳ್ಳುವುದು ಬೇರೆ. ಅವನನ್ನು ಯಾರೂ ದೇಶದಿಂದ ಕಳಿಸಲಾರರು. ನಿಮ್ಮ ಓದಿನ ಸಾಲ, ಅಪ್ಪ ಅಡವಿಟ್ಟ ಸೈಟು, ವರ್ಷಗಳಿಂದ ಕಾಯುತ್ತಿರುವ ಗ್ರೀನ್ ಕಾರ್ಡ್ ಸಾಲು, ಎಲ್ಲವೂ ಆ ಒಂದು ತುಂಡಿನ ಮೇಲೆ ನಿಂತಿರುತ್ತದೆ. ನನಗೆ ಸಂಕಟವಾಗುವುದು ಇಲ್ಲೇ. ತಪ್ಪು ಅಂತ ತಿಳಿದು ಮಾಡಿದವರಿಗಿಂತ, "ಲೀಗಲ್ ಅಂತ ಬೋರ್ಡ್ ಇತ್ತಲ್ಲ" ಎಂದು ನಂಬಿ ಒಳಗೆ ಹೋದ ಮಕ್ಕಳನ್ನೇ ಜಾಸ್ತಿ ಕಂಡಿದ್ದೇನೆ.

ನನ್ನ ಮೇಲೆ ಕೇಸೇ ಇಲ್ಲ. ಯಾರಿಗೆ ಗೊತ್ತಾಗುತ್ತೆ?

ಕೇಸ್ ಬೇಕಿಲ್ಲ. ಅಪರಾಧದ ಅಂಶಗಳನ್ನು ನೀವೇ ಒಪ್ಪಿಕೊಂಡರೂ ದೇಶದೊಳಗೆ ಬಿಡದಿರಲು ಅದು ಸಾಕು ಎನ್ನುತ್ತದೆ ಇಮಿಗ್ರೇಷನ್ ಕಾಯ್ದೆ. ಒಪ್ಪಿಕೊಳ್ಳುವ ಸಂದರ್ಭಗಳು ತಾವಾಗಿ ಬರುತ್ತವೆ: ವೀಸಾ ಸಂದರ್ಶನ, ವಿಮಾನ ನಿಲ್ದಾಣದ ಕೌಂಟರ್, ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆ. ಅರ್ಜಿಯಲ್ಲೂ ಮಾದಕ ವಸ್ತು ಕಾನೂನನ್ನು ಎಂದಾದರೂ ಮುರಿದಿದ್ದೀರಾ ಎಂಬ ಪ್ರಶ್ನೆ ಇದೆ. ಹಾಗಂತ ಸುಳ್ಳು ಹೇಳಿದರೆ ಅದೇ ಇನ್ನೂ ದೊಡ್ಡ ತಪ್ಪು. ವಂಚನೆ ಎಂದು ಸಾಬೀತಾದರೆ ಜೀವನಪೂರ್ತಿ ಬಾಗಿಲು ಮುಚ್ಚಬಹುದು. ಹಿಂದೆ ಬಳಸಿದ್ದರೆ ಅರ್ಜಿ ಹಾಕುವ ಮೊದಲು, ಪ್ರಯಾಣಕ್ಕೆ ಮೊದಲು ವಕೀಲರ ಜೊತೆ ಕೂತು ಮಾತಾಡಿ.

30 ಗ್ರಾಂವರೆಗೆ ವಿನಾಯಿತಿ ಇದೆ ಅಂತ ಓದಿದೆ.

ಇದೆ, ಆದರೆ ಅರ್ಧ ಮಾತ್ರ. ಸ್ವಂತಕ್ಕೆ 30 ಗ್ರಾಂ ಅಥವಾ ಕಡಿಮೆ ಇಟ್ಟುಕೊಂಡ ಒಂದೇ ಒಂದು ಅಪರಾಧಕ್ಕೆ ಗಡಿಪಾರು ಮಾಡುವುದಿಲ್ಲ. ಅದು ಒಳಗೆ ಇರುವವರಿಗೆ. ಅಜ್ಜಿ ತೀರಿಕೊಂಡರೆಂದು ಊರಿಗೆ ಹೋಗಿ ಮರಳಿ ಬಂದಾಗ ಒಳಗೆ ಬಿಡಬೇಕೋ ಬೇಡವೋ ಎನ್ನುವುದು ಬೇರೆ ಸೆಕ್ಷನ್. ಅಲ್ಲಿ ಈ ವಿನಾಯಿತಿ ಇಲ್ಲ. ಹೀಗಾಗಿ ಶಿಕ್ಷೆಯಾದ ಗ್ರೀನ್ ಕಾರ್ಡ್‌ದಾರರಿಗೂ ವಕೀಲರು ದೇಶ ಬಿಡಬೇಡಿ ಎನ್ನುತ್ತಾರೆ.

ದಂಡ ಕಟ್ಟಿದೆ, ರಾಜ್ಯದ ಕೋರ್ಟ್ ರೆಕಾರ್ಡ್ ಅಳಿಸಿಯೂ ಹಾಕಿದೆ. ಈಗ ಕ್ಲೀನ್ ಅಲ್ವಾ?

ಕೆಲಸ ಹುಡುಕುವಾಗ ಹೌದು, ಇಮಿಗ್ರೇಷನ್‌ಗೆ ಬಹುತೇಕ ಅಲ್ಲ. ತಪ್ಪೊಪ್ಪಿಕೊಂಡು ಒಂದಿಷ್ಟು ಶಿಕ್ಷೆಯೋ ಷರತ್ತೋ ಆಗಿದ್ದರೆ ರಾಜ್ಯ ಅಳಿಸಿದ ಮೇಲೂ ಫೆಡರಲ್ ಲೆಕ್ಕದಲ್ಲಿ ಅದು ಶಿಕ್ಷೆಯೇ. ಕ್ರಿಮಿನಲ್ ವಕೀಲರು "ಒಪ್ಪಿಕೊಂಡು ಮುಗಿಸಿಬಿಡೋಣ" ಎಂದಾಗ ಸಹಿ ಹಾಕುವ ಮೊದಲೇ ಇಮಿಗ್ರೇಷನ್ ವಕೀಲರಿಗೆ ತೋರಿಸಿ. 2010ರಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ, ಗಡಿಪಾರಿನ ಅಪಾಯವನ್ನು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದಿದೆ. ಕೋರ್ಟ್ ದಾಖಲೆಯ ದೃಢೀಕೃತ ಪ್ರತಿಯನ್ನು ಅಳಿಸುವ ಮೊದಲೇ ಪಡೆದಿಟ್ಟುಕೊಳ್ಳಿ, ಮುಂದೆ ಕೇಳುತ್ತಾರೆ.

ಗಾಂಜಾ ಕಂಪನಿಗೆ ಬರೀ ಸಾಫ್ಟ್‌ವೇರ್ ಬರೆದುಕೊಡೋದು. ಗಿಡ ಮುಟ್ಟೋದೇ ಇಲ್ಲ. ಆ ಕೆಲಸ ಒಪ್ಪಬಹುದಾ?

ಸಿಟಿಜನ್ ಆಗುವವರೆಗೆ ಬೇಡ ಅನ್ನುತ್ತೇನೆ. ರಾಜ್ಯದಲ್ಲಿ ಅನುಮತಿ ಇದ್ದರೂ ಈ ಉದ್ಯಮದ ಕೆಲಸ "ಒಳ್ಳೆಯ ನಡತೆ"ಗೆ ಅಡ್ಡಿಯಾಗಬಹುದು ಎಂದು ಫೆಡರಲ್ ಇಮಿಗ್ರೇಷನ್ ಇಲಾಖೆ ಯುಎಸ್‌ಸಿಐಎಸ್ 2019ರ ಏಪ್ರಿಲ್‌ನಲ್ಲಿ ಬರೆದೇ ತಿಳಿಸಿತು. ಒಳ್ಳೆಯ ನಡತೆ ಇಲ್ಲದೆ ಪೌರತ್ವ ಇಲ್ಲ. ಕಳ್ಳಸಾಗಣೆಗೆ ನೆರವಾದರು ಎಂದು ನಂಬಲು ಕಾರಣ ಇದ್ದರೆ ಸಾಕು, ಶಿಕ್ಷೆಯೇ ಇಲ್ಲದೆ ಪ್ರವೇಶ ನಿರಾಕರಿಸುವ ಇನ್ನೊಂದು ಸೆಕ್ಷನ್ ಕೂಡ ಇದೆ.

ಆಫೀಸಲ್ಲಿ ಡ್ರಗ್ ಟೆಸ್ಟ್ ಮಾಡ್ತಾರೆ. ರಜೆಯಲ್ಲಿ ಬಳಸಿದ್ದಕ್ಕೆ ತೆಗೆದುಹಾಕಬಹುದಾ?

ರಾಜ್ಯದ ಮೇಲೆ ಹೋಗುತ್ತದೆ. ಕೊಲೊರಾಡೊದಲ್ಲಿ ಕೈಕಾಲು ಸ್ವಾಧೀನ ತಪ್ಪಿ ಗಾಲಿಕುರ್ಚಿಯಲ್ಲಿದ್ದ ಉದ್ಯೋಗಿಯೊಬ್ಬರು ವೈದ್ಯಕೀಯ ಅನುಮತಿಯಿಂದಲೇ, ಕೆಲಸದ ಹೊತ್ತಿನ ಆಚೆ ಬಳಸಿದರು. ಕೆಲಸ ಹೋಯಿತು. ಕೊಲೊರಾಡೊ ಸುಪ್ರೀಂ ಕೋರ್ಟ್ 2015ರಲ್ಲಿ ಕಂಪನಿಯ ಪರ ನಿಂತಿತು, ಕಾನೂನುಬದ್ಧ ಎಂದರೆ ಫೆಡರಲ್ ಕಾನೂನಿನಲ್ಲೂ ಆಗಿರಬೇಕು ಎಂದಿತು. ಅದನ್ನು ಓದಿದಾಗ ನನಗೆ ಬಹಳ ಬೇಸರವಾಗಿತ್ತು. ಕ್ಯಾಲಿಫೋರ್ನಿಯಾ 2024ರ ಜನವರಿಯಿಂದ, ದೇಹದಲ್ಲಿ ಉಳಿದ ಅಮಲಿಲ್ಲದ ಅಂಶ ಮಾತ್ರ ನೋಡಿ ತೆಗೆಯುವಂತಿಲ್ಲ ಎಂದಿದೆ. ಮೂತ್ರದಲ್ಲಿ ಅದು ವಾರಗಟ್ಟಲೆ ಉಳಿಯಬಹುದು, ಹಾಗಾಗಿ ಈ ನಿಯಮ ನ್ಯಾಯವಾದದ್ದು. ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲೂ ರಕ್ಷಣೆ ಇದೆ. ಫೆಡರಲ್ ಗುತ್ತಿಗೆಯ ಕೆಲಸ, ಟ್ರಕ್ ಚಾಲನೆಗೆ ಇದಾವುದನ್ನೂ ನೆಚ್ಚಿಕೊಳ್ಳಬೇಡಿ.

ಗಾಂಜಾನ ಮೂರನೇ ಪಟ್ಟಿಗೆ ಇಳಿಸ್ತಾರಂತೆ. ಆಗ ವೀಸಾ ಭಯ ಹೋಗುತ್ತಾ?

ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವ 2024ರ ಮೇ ತಿಂಗಳಲ್ಲಿ ಹೊರಬಂತು. ಮೂರನೆಯದೂ ನಿಯಂತ್ರಿತ ವಸ್ತುಗಳ ಪಟ್ಟಿಯೇ. ಇಮಿಗ್ರೇಷನ್ ಕಾಯ್ದೆ "ಯಾವ ಪಟ್ಟಿ" ಎಂದು ಕೇಳುವುದಿಲ್ಲ, ಪಟ್ಟಿಯಲ್ಲಿ ಇದೆಯಾ ಎಂದಷ್ಟೇ ಕೇಳುತ್ತದೆ. ಅಂಗಡಿಯವರ ತೆರಿಗೆ ಹೊರೆ ಇಳಿಯಬಹುದು. ಎಫ್-1 (ಓದಿನ ವೀಸಾ), ಎಚ್-1ಬಿ (ಕೆಲಸದ ವೀಸಾ) ಮಕ್ಕಳಿಗೆ ಏನೂ ಬದಲಾಗದು.

ಊರಿಗೆ ಬರೋವಾಗ ಗೆಳೆಯರಿಗೆ ಒಂದು ಪೊಟ್ಟಣ ಗಮ್ಮಿ ತಂದ್ರೆ? ನಮ್ಮಲ್ಲೂ ಭಂಗಿ ಕುಡೀತಾರಲ್ಲ.

ಭಂಗಿಯ ವಿಷಯ ಬೇರೆ. ನಮ್ಮ ಭಾರತದ ಮಾದಕ ವಸ್ತು ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆ ಹೂವು ತೆನೆಯನ್ನು ಗಾಂಜಾ ಎನ್ನುತ್ತದೆ. ತೆನೆ ಸೇರದಿದ್ದರೆ ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಹೀಗೆಂದೇ ಕರ್ನಾಟಕ ಹೈಕೋರ್ಟ್ 2022ರಲ್ಲಿ ಭಂಗಿ ಕೇಸೊಂದರಲ್ಲಿ ಜಾಮೀನು ಕೊಟ್ಟಿತು. ಅಮೆರಿಕದ ಗಮ್ಮಿಯಲ್ಲಿರುವುದು ಎಲೆಯ ರಸವಲ್ಲ, ಟಿಎಚ್‌ಸಿ ಸಾರ. ಅದನ್ನು ದೇಶದೊಳಗೆ ತರುವುದು ಆಮದು ಅಪರಾಧ. ಬೆರಕೆ ಇದ್ದರೆ ಮಾದಕ ಅಂಶವನ್ನಷ್ಟೇ ಅಲ್ಲ, ಒಟ್ಟು ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಬ್ಯಾಂಕಾಕ್‌ನಿಂದ ಬಂದ ಗಾಂಜಾವನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಹಿಡಿದ ಸುದ್ದಿ ಆಗಾಗ ಓದುತ್ತಲೇ ಇರುತ್ತೇವೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಎನ್‌ಡಿಪಿಎಸ್ ಕಾಯ್ದೆಯ ಮೊದಲ ಸೆಕ್ಷನ್‌ನಲ್ಲೇ, ಇದು ಭಾರತದ ಹೊರಗಿರುವ ಭಾರತೀಯ ಪ್ರಜೆಗಳಿಗೂ ಅನ್ವಯ ಎಂದು ಬರೆದಿದೆ. ಕೊಲೊರಾಡೊದ ಅಂಗಡಿಯಲ್ಲಿ ನಿಂತ ಭಾರತದ ಪಾಸ್‌ಪೋರ್ಟಿನ ಹುಡುಗನ ಮೇಲೆ ಹೀಗೆ ಮೂರು ಕಾನೂನುಗಳು ಒಟ್ಟಿಗೆ ಇರುತ್ತವೆ. ಅವುಗಳಲ್ಲಿ "ಆಗಬಹುದು" ಎನ್ನುವುದು ಒಂದು ಮಾತ್ರ.